ಹ್ಯಾಂಡಲ್ ಎತ್ತರಿಸುವ ಮೊದಲು ಕೇಬಲ್ ನೋಡಿ

ಕಾಸರಗೋಡಿನ ಬದಿಯಡ್ಕದಿಂದ ಮೈಸೂರಿಗೆ ಬೈಕಿನಲ್ಲಿ ಹೋಗುವವರಿಗೆ ದಾರಿ ಬಾಯಿಪಾಠವಾಗಿರುತ್ತದೆ. ಮುಳ್ಳೇರಿಯ, ಆದೂರು, ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ, ಕುಶಾಲನಗರ, ಹುಣಸೂರು. ಇನ್ನೂರು ಕಿ.ಮೀ. ದಾಟುತ್ತದೆ. ವರ್ಷಕ್ಕೆ ಐದಾರು ಸಲವಾದರೂ ನಾನು ಈ ದಾರಿ ಹಿಡಿಯುತ್ತೇನೆ. ಮೊದಲೆಲ್ಲ ಸುಳ್ಯ ದಾಟುವಾಗಲೇ ಅಂಗೈ ಉರಿಯಲು ಶುರುವಾಗುತ್ತಿತ್ತು. ಮಡಿಕೇರಿಯಲ್ಲಿ ಚಾ ಕುಡಿಯಲು ನಿಲ್ಲಿಸಿದರೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದಿರುತ್ತಿದ್ದವು. ಹುಣಸೂರು ಮುಟ್ಟುವಾಗ ಎರಡು ಭುಜಗಳ ನಡುವೆ ಗಂಟು ಕಟ್ಟಿದ ಹಾಗೆ ನೋವು.

ಈ ನೋವಿಗೆ ಬೈಕು ಓಡಿಸುವ ಗೆಳೆಯರೆಲ್ಲ ಹೇಳುವ ಮದ್ದು ಒಂದೇ: ರೈಸರ್ ಹಾಕಿಸು. ಹ್ಯಾಂಡಲ್‌ನ ಬುಡದಲ್ಲಿ ಇಡುವ ಅಲ್ಯೂಮಿನಿಯಂ ತುಂಡು ಅದು. ಹ್ಯಾಂಡಲ್ ಒಂದಿಂಚು, ಒಂದೂವರೆ ಇಂಚು ಮೇಲೆ ಬರುತ್ತದೆ. ಬೆನ್ನು ನೆಟ್ಟಗಾಗುತ್ತದೆ. ಬೆಲೆ ಕೆಲವು ನೂರು ರೂಪಾಯಿಯಿಂದ ಕೆಲವು ಸಾವಿರದವರೆಗೆ. ನಾಲ್ಕು ಬೋಲ್ಟಿನ ಕೆಲಸ, ಅರ್ಧ ಗಂಟೆ ಸಾಕು ಎನ್ನುತ್ತಾರೆ.

ಬೋಲ್ಟು ನಾಲ್ಕೇ, ನಿಜ. ಆದರೆ ಹ್ಯಾಂಡಲ್ ಅನ್ನುವುದು ಒಂಟಿ ಕಬ್ಬಿಣದ ಕೋಲಲ್ಲ. ಅದಕ್ಕೆ ಕ್ಲಚ್ ಕೇಬಲ್ ಕಟ್ಟಿಕೊಂಡಿದೆ. ಆಕ್ಸಿಲರೇಟರ್ ಕೇಬಲ್ ಇದೆ. ಮುಂದಿನ ಬ್ರೇಕಿನ ಹೋಸ್, ಅಂದರೆ ಎಣ್ಣೆಯ ಕೊಳವೆ, ಇದೆ. ಎರಡೂ ಕಡೆಯ ಸ್ವಿಚ್ಚಿನ ವಯರ್ ಇದೆ. ಹ್ಯಾಂಡಲ್ ಎತ್ತರಿಸಿದರೆ ಇವೆಲ್ಲವನ್ನೂ ಎಳೆದ ಹಾಗೆ. ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ.

ನೋವು ಎಲ್ಲಿಂದ ಬರುತ್ತದೆ

ಬೈಕಿನ ಮೇಲೆ ನಮ್ಮ ಮೈ ಮೂರು ಕಡೆ ಊರಿರುತ್ತದೆ. ಸೀಟು, ಕಾಲಿಡುವ ಫುಟ್‌ರೆಸ್ಟ್, ಹ್ಯಾಂಡಲ್. ಈ ಮೂರೂ ಸೇರಿ ಒಂದು ತ್ರಿಕೋನ. ಹ್ಯಾಂಡಲ್ ದೂರ ಇದ್ದರೆ ಅಥವಾ ತಗ್ಗಾಗಿದ್ದರೆ ಸೊಂಟದಿಂದ ಮೇಲಿನ ಮೈ ಮುಂದೆ ಬಾಗುತ್ತದೆ. ಬಾಗಿದ ಮೈಯ ಭಾರವನ್ನು ಬೆನ್ನು, ಹೊಟ್ಟೆಯ ಸ್ನಾಯುಗಳು ಸ್ವಲ್ಪ ಹೊತ್ತು ತಡೆದು ಹಿಡಿಯುತ್ತವೆ. ಅರ್ಧ ಗಂಟೆಯಲ್ಲಿ ಅವು ಸೋಲುತ್ತವೆ. ಆಮೇಲೆ ಆ ಭಾರವೆಲ್ಲ ಅಂಗೈಗೆ ಇಳಿಯುತ್ತದೆ.

ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಅಲ್ನಾರ್ ಎಂಬ ನರ ಹಾದುಹೋಗುತ್ತದೆ. ಅದು ಒತ್ತಿದರೆ ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿಯುತ್ತವೆ. ಮಣಿಕಟ್ಟಿನ ನಡುವೆ ಮೀಡಿಯನ್ ಎಂಬ ಇನ್ನೊಂದು ನರ ಇದೆ. ಮಣಿಕಟ್ಟು ತುಂಬಾ ಹೊತ್ತು ಮಡಚಿಕೊಂಡೇ ಇದ್ದರೆ ಅದು ಒತ್ತುತ್ತದೆ. ಆಗ ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಜುಮುಜುಮು ಶುರುವಾಗುತ್ತದೆ. ಯಾವ ಬೆರಳು ಜೋಮು ಹಿಡಿಯುತ್ತದೆ ಎನ್ನುವುದನ್ನು ಗಮನಿಸಿ. ಕಾರಣ ಹುಡುಕಲು ಅದೇ ಮೊದಲ ಸುಳಿವು. ಬೈಕಿನಿಂದ ಇಳಿದು ಗಂಟೆಗಟ್ಟಲೆಯಾದರೂ ಜೋಮು ಬಿಡದಿದ್ದರೆ, ರಾತ್ರಿ ಮಲಗಿದಾಗಲೂ ಬಂದರೆ, ರೈಸರ್ ಮಾತು ಬಿಟ್ಟು ಡಾಕ್ಟರಿಗೆ ತೋರಿಸಿ.

ರೈಸರ್ ಸರಿಮಾಡುವುದು ಒಂದೇ ವಿಷಯವನ್ನು: ಕೈ ಎಟುಕುವ ದೂರ. ಎಂಜಿನ್ನಿನ ನಡುಕದಿಂದ ಬರುವ ಜೋಮನ್ನು ಅದು ಹೋಗಲಾಡಿಸುವುದಿಲ್ಲ. ಗ್ರಿಪ್ಪನ್ನು ಬಿಗಿಯಾಗಿ ಹಿಡಿಯುವ ಅಭ್ಯಾಸದಿಂದ ಬರುವ ನೋವನ್ನೂ ತೆಗೆಯುವುದಿಲ್ಲ. ಸೀಟಿನ ಸ್ಪಂಜು ಕುಸಿದು ಹಿಂಭಾಗ ನೋಯುವವರಿಗೆ ರೈಸರ್‌ನಿಂದ ನೋವು ಜಾಸ್ತಿಯಾಗಲೂಬಹುದು. ಯಾಕೆಂದರೆ ಮೈ ನೆಟ್ಟಗಾದಷ್ಟೂ ಅಂಗೈಯ ಭಾರ ಸೀಟಿಗೆ ಇಳಿಯುತ್ತದೆ. ಹೊಂಡಕ್ಕೆ ಬಿದ್ದಾಗ ಪೆಟ್ಟು ನೇರ ಬೆನ್ನುಮೂಳೆಗೆ ಹೋಗುತ್ತದೆ. ಸ್ವಲ್ಪ ಮುಂದೆ ಬಾಗಿದ್ದರೆ ಸೊಂಟ ಮಡಚಿಕೊಂಡು ಆ ಪೆಟ್ಟನ್ನು ನುಂಗುತ್ತದೆ. ನಮ್ಮ ಒಳರಸ್ತೆಗಳಲ್ಲಿ ಮಳೆಗಾಲ ಕಳೆದ ಮೇಲೆ ಓಡಿಸಿದವರಿಗೆ ಇದು ಗೊತ್ತಾಗುತ್ತದೆ.

ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಪುಕ್ಕಟೆ ಕೆಲಸ ಮಾಡಿ ನೋಡಿ. ಬ್ರೇಕ್ ಮತ್ತು ಕ್ಲಚ್ ಲಿವರಿನ ಕೋನ ಸರಿ ಇದೆಯಾ? ಗ್ರಿಪ್ ಹಿಡಿದು ಲಿವರ್ ಮೇಲೆ ಬೆರಳು ಚಾಚಿದಾಗ ಮೊಣಕೈಯಿಂದ ಬೆರಳ ತುದಿಯವರೆಗೆ ನೇರ ಗೆರೆ ಬರಬೇಕು. ಲಿವರ್ ಮೇಲೆ ಎದ್ದುಕೊಂಡಿದ್ದರೆ ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಲಿವರಿನ ಬುಡದ ಬೋಲ್ಟ್ ಸಡಿಲಿಸಿ ತಿರುಗಿಸಿದರೆ ಆಯಿತು. ಹ್ಯಾಂಡಲನ್ನೂ ಅದರ ಬುಡವನ್ನು ಕಚ್ಚಿ ಹಿಡಿದಿರುವ ಹಿಡಿಕೆಯೊಳಗೆ (ಕ್ಲ್ಯಾಂಪ್) ಸ್ವಲ್ಪ ಹಿಂದಕ್ಕೆ ತಿರುಗಿಸಬಹುದು. ಅದರಿಂದಲೇ ಗ್ರಿಪ್ ಸ್ವಲ್ಪ ಹತ್ತಿರ ಬರುತ್ತದೆ. ಹಲವು ಹ್ಯಾಂಡಲ್‌ಗಳ ಮೇಲೆ ಸಣ್ಣ ಚುಕ್ಕಿ ಗುರುತು ಇರುತ್ತದೆ. ಕಂಪನಿಯಿಂದ ಬರುವಾಗ ಆ ಚುಕ್ಕಿ ಹಿಡಿಕೆಯ ಅಂಚಿಗೆ ಸರಿಯಾಗಿ ನಿಲ್ಲುತ್ತದೆ. ತಿರುಗಿಸುವ ಮೊದಲು ಆ ಜಾಗದ ಫೋಟೋ ತೆಗೆದಿಡಿ. ಬೇಡ ಅನಿಸಿದರೆ ವಾಪಸ್ ತರಲು ಸುಲಭ. ನನ್ನ ನೋವಿನಲ್ಲಿ ಅರ್ಧದಷ್ಟು ಹೋದದ್ದು ಲಿವರ್ ತಿರುಗಿಸಿದ್ದರಿಂದಲೇ.

ಇಷ್ಟಾದ ಮೇಲೂ ಎಟುಕುವುದಿಲ್ಲ ಅನಿಸಿದರೆ ಬೈರಾಸು (ಟವೆಲ್) ತಗೊಳ್ಳಿ. ಬೈಕನ್ನು ಅಂಗಳದಲ್ಲಿ ಡಬಲ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಬೈರಾಸನ್ನು ಒಂದಿಂಚು ದಪ್ಪಕ್ಕೆ ಮಡಚಿ ಒಂದು ಗ್ರಿಪ್ಪಿನ ಮೇಲೆ ಇಡಿ. ಇನ್ನೊಂದನ್ನು ಆ ಕಡೆಗೆ. ಅದರ ಮೇಲೆ ಕೈಯಿಟ್ಟು ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಮನೆಯವರಿಗೆ ಹೇಳಿ ಬದಿಯಿಂದ ಒಂದು ಫೋಟೋ ತೆಗೆಸಿ. ಮೊಣಕೈ ಸ್ವಲ್ಪ ಮಡಚಿರಬೇಕು, ಭುಜ ಸಡಿಲವಾಗಿ ಕೆಳಗಿರಬೇಕು. ಭುಜ ಕಿವಿಯ ಕಡೆಗೆ ಏರಿದ್ದರೆ ಹ್ಯಾಂಡಲ್ ನಿಮಗೆ ಎತ್ತರ ಜಾಸ್ತಿಯಾಯಿತು. ಗಿಡ್ಡ ಇರುವವರು ಗೆಳೆಯನ ಮಾತು ಕೇಳಿ ದೊಡ್ಡ ರೈಸರ್ ಹಾಕಿಸಿ ಕುತ್ತಿಗೆ ನೋವು ತಂದುಕೊಳ್ಳುವುದು ಹೀಗೆಯೇ. ಬೈರಾಸಿನ ದಪ್ಪ ಅಳೆದರೆ ನಿಮಗೆ ಬೇಕಾದ ಎತ್ತರ ಸಿಕ್ಕಿತು. ಹೆಚ್ಚಿನವರಿಗೆ 20ರಿಂದ 30 ಮಿ.ಮೀ. ಒಳಗೇ ಅದು ಮುಗಿಯುತ್ತದೆ.

ಬರೀ ಮೇಲಕ್ಕಲ್ಲ, ಹಿಂದಕ್ಕೂ

ಬೈಕಿನ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ನೆಟ್ಟಗೆ ನಿಂತಿರುವುದಿಲ್ಲ. ಮೇಲ್ತುದಿ ನಮ್ಮ ಕಡೆಗೆ ವಾಲಿರುತ್ತದೆ. ಸಾಮಾನ್ಯ ಬೈಕುಗಳಲ್ಲಿ ಈ ವಾಲು 24ರಿಂದ 27 ಡಿಗ್ರಿ. ಹ್ಯಾಂಡಲ್ ಹಿಡಿಕೆಯೂ ಸುಮಾರಾಗಿ ಅದೇ ಓರೆಯಲ್ಲಿ ಕೂತಿರುತ್ತದೆ. ಹಾಗಾಗಿ ಅದರ ಕೆಳಗೆ ನೇರವಾದ ತುಂಡು ಇಟ್ಟರೂ ಹ್ಯಾಂಡಲ್ ಓರೆಯಾಗಿಯೇ ಏರುತ್ತದೆ. 25 ಡಿಗ್ರಿ ವಾಲಿದ ಬೈಕಿಗೆ 30 ಮಿ.ಮೀ. ರೈಸರ್ ಹಾಕಿದಿರಿ ಅನ್ನಿ. ಹ್ಯಾಂಡಲ್ ಸುಮಾರು 27 ಮಿ.ಮೀ. ಮೇಲಕ್ಕೆ ಹೋಗುತ್ತದೆ. ಜೊತೆಗೆ ಸುಮಾರು 13 ಮಿ.ಮೀ. ನಮ್ಮ ಕಡೆಗೆ ಬರುತ್ತದೆ.

ಆ 13 ಮಿ.ಮೀ. ಚಿಕ್ಕದು ಅನಿಸಬಹುದು. ಆದರೆ ಆರಾಮ ಸಿಗುವುದರಲ್ಲಿ ಅದರ ಪಾಲು ದೊಡ್ಡದು. ದೂರ ಪ್ರಯಾಣದಲ್ಲಿ ಕೈಗೆ ಬೇಕಾದದ್ದು ಎತ್ತರಕ್ಕಿಂತಲೂ ಹತ್ತಿರ. ಅದಕ್ಕೇ ಕೆಲವು ರೈಸರ್‌ಗಳನ್ನು ಬೇಕೆಂದೇ ಹಿಂದಕ್ಕೆ ತಳ್ಳುವ ಹಾಗೆ ಮಾಡುತ್ತಾರೆ. ಅವುಗಳಲ್ಲಿ ಕೆಳಗಿನ ಬೋಲ್ಟಿನ ತೂತು ಒಂದು ಕಡೆ, ಹ್ಯಾಂಡಲ್ ಕೂರುವ ಜಾಗ ಇನ್ನೊಂದು ಕಡೆ. ಒಂದು ಅಪಾಯವೂ ಇದೆ. ಹ್ಯಾಂಡಲ್ ಹಿಂದೆ ಬಂದಷ್ಟೂ ಪೂರ್ತಿ ತಿರುಗಿಸಿದಾಗ ಗ್ರಿಪ್ ಅಥವಾ ಸ್ವಿಚ್ಚಿನ ಗೂಡು ಟ್ಯಾಂಕಿಗೆ ತಗಲುತ್ತದೆ. ಟ್ಯಾಂಕಿಗೂ ಗ್ರಿಪ್ಪಿಗೂ ನಡುವೆ ಹೆಬ್ಬೆರಳು ಸಿಕ್ಕಿದರೆ ಏನಾಗುತ್ತದೆ ಎಂದು ಯೋಚಿಸಿ. ಕೈ ಗ್ರಿಪ್ಪಿನಲ್ಲಿದ್ದಾಗಲೇ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಬೇಕು. ವಿಂಡ್‌ಶೀಲ್ಡ್ ಇದ್ದರೆ ಕನ್ನಡಿ, ಬ್ರೇಕ್ ಎಣ್ಣೆಯ ಡಬ್ಬಿ ಅದಕ್ಕೆ ತಾಗುತ್ತದೆಯಾ ಅದನ್ನೂ ನೋಡಿ.

ರೈಸರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಈಗಿರುವ ಹಿಡಿಕೆಯ ಕೆಳಗೆ ಗಟ್ಟಿ ತುಂಡು ಇಟ್ಟು ಉದ್ದದ ಬೋಲ್ಟ್ ಹಾಕುವುದು. ಇನ್ನೊಂದು, ಈಗಿರುವ ಹಿಡಿಕೆಯ ಮೇಲಿನ ಮುಚ್ಚಳ ತೆಗೆದು, ಹ್ಯಾಂಡಲ್ ಕೂರುವ ಜಾಗದಲ್ಲಿ ಹೊಸ ಹಿಡಿಕೆಯ ಬುಡವನ್ನು ಕೂರಿಸುವುದು. ಎರಡನೆಯದರಲ್ಲಿ ಹ್ಯಾಂಡಲಿನ ದಪ್ಪ ಸರಿಹೊಂದಲೇಬೇಕು. ನಮ್ಮಲ್ಲಿ ಓಡುವ ಹೆಚ್ಚಿನ ಬೈಕುಗಳಲ್ಲಿ ಅದು 22 ಮಿ.ಮೀ. ನಡು ದಪ್ಪ, ತುದಿ ಸಪೂರ ಇರುವ ಹ್ಯಾಂಡಲ್‌ಗಳಲ್ಲಿ ನಡುವಿನ ದಪ್ಪ 28.6 ಮಿ.ಮೀ. 28ರ ಹಿಡಿಕೆಯಲ್ಲಿ 22ರ ಹ್ಯಾಂಡಲ್ ಕೂರಿಸಲು ನಡುವೆ ತಗಡು ಮಡಚಿ ಇಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಜೋರಾಗಿ ಬ್ರೇಕ್ ಹಾಕಿದಾಗ ಮೈಯ ಭಾರವೆಲ್ಲ ಹ್ಯಾಂಡಲ್ ಮೇಲೆ ಬರುತ್ತದೆ. ಅದು ಹಿಡಿಕೆಯೊಳಗೆ ತಿರುಗಿದರೆ ಬೈಕು ನಿಮ್ಮ ಕೈಯಲ್ಲಿರುವುದಿಲ್ಲ.

ಸ್ಪೋರ್ಟ್ಸ್ ಬೈಕುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಹ್ಯಾಂಡಲ್ ಇರುತ್ತದೆ. ಅದು ನೇರ ಫೋರ್ಕಿನ ಕೊಳವೆಯನ್ನೇ ತಬ್ಬಿ ಹಿಡಿದಿರುತ್ತದೆ. ಅಂಥವಕ್ಕೆ ಇಲ್ಲಿ ಹೇಳುವ ರೈಸರ್ ಆಗುವುದಿಲ್ಲ.

ಕೇಬಲಿನ ಲೆಕ್ಕ

ಮೊದಲ ಸಲ ನಾನು ತರಿಸಿದ್ದು 50 ಮಿ.ಮೀ. ರೈಸರ್. ಆನ್‌ಲೈನಿನಲ್ಲಿ ನೋಡಿದೆ, ಎತ್ತರ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡೆ. ಒಂದು ಗ್ಯಾರೇಜಿನಲ್ಲಿ ಹಾಕಿಸಿದೆ. ನೆಟ್ಟಗಿನ ರಸ್ತೆಯಲ್ಲಿ ಎಲ್ಲ ಸರಿಯಿತ್ತು. ಮೂರನೆಯ ದಿನ ತೋಟದ ಇಳಿಜಾರು ದಾರಿಯಲ್ಲಿ ಬೈಕು ತಿರುಗಿಸಬೇಕಾಯಿತು. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ನಾನು ಆಕ್ಸಿಲರೇಟರ್ ತಿರುಗಿಸಿರಲಿಲ್ಲ. ಆದರೂ ಎಂಜಿನ್ ಒಮ್ಮೆಲೇ ಗರ್ಜಿಸಿತು. ಬೈಕು ಮುಂದೆ ನುಗ್ಗಿ ಮುರಕಲ್ಲಿನ ಕಟ್ಟೆಗೆ ಹೊಡೆಯಿತು. ಕಣಕಾಲು ಸಿಕ್ಕಿಕೊಂಡು ಚರ್ಮ ಸುಲಿದುಹೋಯಿತು. ಕಟ್ಟೆಯ ಆಚೆ ಹತ್ತಡಿ ಆಳಕ್ಕೆ ತೋಡು.

ಬದಿಯಡ್ಕದ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋದೆ. ಅವನು ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಗ್ರಿಪ್ ಮುಟ್ಟದೆ ಹ್ಯಾಂಡಲನ್ನು ಮೆಲ್ಲ ಎಡಕ್ಕೆ ತಳ್ಳಿದ. ಎಂಜಿನ್ನಿನ ಸದ್ದು ಏರಿತು. ಬಲಕ್ಕೆ ತಂದ, ಇಳಿಯಿತು.

"ಕೇಬಲ್ ಎಳೀತಾ ಉಂಟು ಅಣ್ಣಾ, ಇದು ಹಾಕಿದವರು ತಿರುಗಿಸಿ ನೋಡ್ಲಿಲ್ವಾ?" ಎಂದು ಕೇಳಿದ.

ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಅವನು ಮಾಡಿ ತೋರಿಸಿದ ಆ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ರೈಸರ್ ಹಾಕಿದ ಪ್ರತಿಯೊಬ್ಬರೂ ಅಂಗಳ ಬಿಟ್ಟು ಹೊರಡುವ ಮೊದಲು ಅದನ್ನು ಮಾಡಲೇಬೇಕು.

ಆಗುವುದು ಹೀಗೆ. ಆಕ್ಸಿಲರೇಟರ್ ಕೇಬಲ್ ಬಲಗೈ ಗ್ರಿಪ್ಪಿನಿಂದ ಹೊರಟು ಹೆಡ್‌ಲೈಟಿನ ಹಿಂದೆ ಸುತ್ತಿ ಟ್ಯಾಂಕಿನ ಕೆಳಗೆ ಹೋಗುತ್ತದೆ. ಹ್ಯಾಂಡಲ್ ಎಡಕ್ಕೆ ತಿರುಗಿದಾಗ ಬಲಗಡೆಯ ಗ್ರಿಪ್ ಮುಂದಕ್ಕೆ ಹೋಗುತ್ತದೆ. ಆಗ ಕೇಬಲಿಗೆ ಉದ್ದ ಬೇಕು. ಕಂಪನಿಯವರು ಇದಕ್ಕೆಂದೇ ಸ್ವಲ್ಪ ಸಡಿಲ ಬಿಟ್ಟಿರುತ್ತಾರೆ. ನಾವು ರೈಸರ್ ಹಾಕಿ ಆ ಸಡಿಲವನ್ನು ತಿಂದುಬಿಡುತ್ತೇವೆ. ಆಮೇಲೆ ತಿರುಗಿಸಿದಾಗಲೆಲ್ಲ ಕೇಬಲ್ ಬಿಗಿದು, ಯಾರೂ ಹೇಳದೆಯೇ ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ತೆರೆದುಕೊಳ್ಳುತ್ತದೆ. ನೇರ ರಸ್ತೆಯಲ್ಲಿ ಹ್ಯಾಂಡಲ್ ತಿರುಗುವುದು ಬಹಳ ಕಡಿಮೆ, ಹಾಗಾಗಿ ತೊಂದರೆ ಕಾಣಿಸುವುದೇ ಇಲ್ಲ. ಪೇಟೆಯ ಗಲ್ಲಿಯಲ್ಲಿ, ಪೆಟ್ರೋಲ್ ಪಂಪಿನಲ್ಲಿ, ಘಟ್ಟದ ಕಡಿದಾದ ತಿರುವಿನಲ್ಲಿ, ಅಂದರೆ ಮೆಲ್ಲ ಹೋಗುವಾಗಲೇ ಅದು ಕೈಕೊಡುತ್ತದೆ.

ಕ್ಲಚ್ ಕೇಬಲ್ ಎಡಗಡೆ ಇರುವುದರಿಂದ ಅದು ಬಿಗಿಯುವುದು ಹೆಚ್ಚಾಗಿ ಬಲಕ್ಕೆ ತಿರುಗಿಸಿದಾಗ. ಲಿವರನ್ನು ಬೆರಳಲ್ಲಿ ಮೆಲ್ಲ ಎಳೆದರೆ ಶುರುವಿನಲ್ಲಿ ಸ್ವಲ್ಪ ಸಡಿಲ ಸಿಗಬೇಕು. ಎಷ್ಟು ಎಂದು ಬೈಕಿನ ಪುಸ್ತಕದಲ್ಲಿ ಬರೆದಿರುತ್ತದೆ. ಹ್ಯಾಂಡಲ್ ನೇರ ಇದ್ದಾಗ, ಎಡ ತುದಿಯಲ್ಲಿ, ಬಲ ತುದಿಯಲ್ಲಿ, ಮೂರು ಕಡೆಯೂ ಆ ಸಡಿಲ ಇರಬೇಕು. ಇಲ್ಲದಿದ್ದರೆ ಕ್ಲಚ್ಚನ್ನು ಸದಾ ಸ್ವಲ್ಪ ಒತ್ತಿಕೊಂಡೇ ಓಡಿಸಿದ ಹಾಗೆ. ಘಟ್ಟ ಹತ್ತುವಾಗ ಪ್ಲೇಟು ಜಾರುತ್ತದೆ, ಸುಡುತ್ತದೆ.

ಬ್ರೇಕ್ ಹೋಸಿನ ವಿಷಯ ಸ್ವಲ್ಪ ಬೇರೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೆಯ ಬೈಕಿನಲ್ಲಿ ಹೋಸ್ ಹ್ಯಾಂಡಲಿನಿಂದ ನೇರ ಚಕ್ರದ ಬುಡದಲ್ಲಿ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ಗೆ ಇಳಿಯುತ್ತದೆ. ಮುಂದಿನ ಚಕ್ರ ನೆಲ ಬಿಟ್ಟಾಗ ಫೋರ್ಕ್ ಪೂರ್ತಿ ಚಾಚಿಕೊಳ್ಳುತ್ತದೆ, ಹೋಸಿಗೆ ಅತಿ ಹೆಚ್ಚು ಉದ್ದ ಬೇಕಾಗುವುದು ಆಗ. ಹಾಗಾಗಿ ಡಬಲ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರನ್ನು ಕೂರಿಸಿ, ಮುಂದಿನ ಚಕ್ರ ಎತ್ತಿ, ಎರಡೂ ಕಡೆ ತಿರುಗಿಸಿ ನೋಡಬೇಕು. ಭಾರತದಲ್ಲಿ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಅಂಥ ಬೈಕಿನಲ್ಲಿ ಹ್ಯಾಂಡಲಿನಿಂದ ಹೊರಟ ಹೋಸ್ ಮೊದಲು ಎಬಿಎಸ್ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿಂದ ಚಕ್ರಕ್ಕೆ ಇನ್ನೊಂದು ಹೋಸ್. ರೈಸರ್ ಎಳೆಯುವುದು ಮೊದಲನೆಯದನ್ನು ಮಾತ್ರ. ಹೋಸ್ ತುದಿಯಲ್ಲಿ ಕಬ್ಬಿಣದ ತಿರುವು ಇರುತ್ತದೆ ನೋಡಿ, ಅದರ ಹತ್ತಿರ ರಬ್ಬರ್ ಕಡಿದಾಗಿ ಬಗ್ಗಿದ್ದರೆ ಅಥವಾ ತಂತಿಯ ಹಾಗೆ ನೆಟ್ಟಗಾಗಿದ್ದರೆ ಅದು ಆಗದು. ಒಳಗೊಳಗೇ ಬಿರುಕು ಬಿಡುತ್ತದೆ.

ಸಡಿಲ ಸಾಲದಿದ್ದರೆ ಏನು ಮಾಡುವುದು? ಮೊದಲ ದಾರಿ, ಕೇಬಲ್ ಹೋಗುವ ಹಾದಿ ಬದಲಾಯಿಸುವುದು. ಕೇಬಲನ್ನು ಹಿಡಿದಿಟ್ಟ ಕ್ಲಿಪ್ಪು, ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಸುತ್ತು ಬಳಸಿ ಹೋಗುವುದನ್ನು ನೇರ ಮಾಡಿದರೆ ಒಂದಿಂಚಿನ ಹತ್ತಿರ ಉದ್ದ ಸಿಗುವುದುಂಟು. ಆದರೆ ಹೊಸ ಹಾದಿಯಲ್ಲಿ ಕೇಬಲ್ ಫೋರ್ಕಿಗೂ ಫ್ರೇಮಿಗೂ ನಡುವೆ ಸಿಕ್ಕಿ ಜಜ್ಜಬಾರದು. ಎರಡನೆಯ ದಾರಿ, ಉದ್ದದ ಕೇಬಲ್ ಮತ್ತು ಹೋಸ್ ಹಾಕಿಸುವುದು. ಹೋಸ್ ಬದಲಿಸಿದರೆ ಬ್ರೇಕ್ ಎಣ್ಣೆ ಹೊಸದು ಹಾಕಿ ಹೋಸಿನೊಳಗಿನ ಗಾಳಿ ತೆಗೆಯಬೇಕು. ಜೋಡಣೆಯ ತಾಮ್ರದ ವಾಷರ್‌ಗಳೂ ಹೊಸದಾಗಬೇಕು. ಡಾಟ್ 4 ಎಂಬ ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ತೆರೆದಿಟ್ಟ ಡಬ್ಬಿ ಬಳಸಲೇಬಾರದು, ಸೀಲ್ ಒಡೆಯದ ಡಬ್ಬಿಯೇ ಬೇಕು. ಕೆಲವು ಎಬಿಎಸ್ ಬೈಕುಗಳಲ್ಲಿ ಗಾಳಿ ತೆಗೆಯಲು ಕಂಪ್ಯೂಟರ್ ಜೋಡಿಸಬೇಕಾಗುತ್ತದೆ. ಅದು ಅಂಗಳದಲ್ಲಿ ಆಗುವ ಕೆಲಸವಲ್ಲ.

ಮೂರನೆಯ ದಾರಿ, ರೈಸರ್ ಚಿಕ್ಕದು ಮಾಡುವುದು. ನಾನು ಹಿಡಿದದ್ದು ಅದನ್ನು. 50ರಿಂದ 25ಕ್ಕೆ ಇಳಿದೆ. ಕಂಪನಿಯ ಕೇಬಲೇ ಸಾಕಾಯಿತು. ಕೇಬಲ್ ಎಷ್ಟು ಬಿಡುತ್ತದೋ ಅಷ್ಟೇ ಎತ್ತರ ಎನ್ನುವುದು ಈಗ ನನ್ನ ನಿಯಮ.

ಬೋಲ್ಟು, ಥ್ರೆಡ್ಡು, ಬಿಗಿ

ರೈಸರ್ ಜೊತೆ ಬರುವ ಬೋಲ್ಟಿನ ತಲೆ ನೋಡಿ. 8.8, 10.9, 12.9 ಎಂದು ಅಂಕಿ ಇರುತ್ತದೆ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಅದು ತುಂಡಾಗಲು ಬೇಕಾದ ಸೆಳೆತ, ಮೆಗಾಪ್ಯಾಸ್ಕಲ್ ಲೆಕ್ಕದಲ್ಲಿ. 8.8 ಎಂದರೆ 800. ಚುಕ್ಕಿಯ ನಂತರದ ಅಂಕಿ, ಅದರಲ್ಲಿ ಎಷ್ಟು ಪಾಲು ಮುಟ್ಟಿದಾಗ ಬೋಲ್ಟ್ ಶಾಶ್ವತವಾಗಿ ಹಿಗ್ಗುತ್ತದೆ ಎನ್ನುವುದು. ಅಂದರೆ 80 ಶೇಕಡಾ, 640. ಅಂಕಿಯೇ ಇಲ್ಲದ ಬೋಲ್ಟನ್ನು ಹ್ಯಾಂಡಲಿಗೆ ಹಾಕಬೇಡಿ. ಹೊಳೆಯುವ ಸ್ಟೇನ್‌ಲೆಸ್ ಬೋಲ್ಟ್ ಚಂದ ಕಾಣುತ್ತದೆ, ತುಕ್ಕು ಹಿಡಿಯುವುದೂ ಕಡಿಮೆ. ಆದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಎ2-70 ಜಾತಿಯದ್ದಕ್ಕೆ 700 ಮಾತ್ರ. 8.8ಕ್ಕಿಂತ ಕಡಿಮೆ.

ಬೋಲ್ಟಿನ ಉದ್ದಕ್ಕೂ ಲೆಕ್ಕ ಉಂಟು. ಮೊದಲಿದ್ದ ಬೋಲ್ಟ್ 40 ಮಿ.ಮೀ. ಇದ್ದು 30ರ ತುಂಡು ಇಟ್ಟರೆ ಹೊಸದು 70 ಇರಬೇಕು. ಕಡಿಮೆಯಾದರೆ ಎರಡು ಮೂರು ಸುತ್ತು ಥ್ರೆಡ್ ಮಾತ್ರ ಹಿಡಿದಿರುತ್ತದೆ. ಹೊರಗಿನಿಂದ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತದೆ. ಅಲ್ಯೂಮಿನಿಯಂ ಒಳಗೆ ಹೋಗುವ ಬೋಲ್ಟಿಗೆ ಅದರ ದಪ್ಪದ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಹಿಡಿತ ಬೇಕು. 8 ಮಿ.ಮೀ. ಬೋಲ್ಟಿಗೆ 12ರಿಂದ 16 ಮಿ.ಮೀ. ಅಳೆಯುವುದು ಸುಲಭ. ತುಂಡನ್ನೂ ಹಿಡಿಕೆಯನ್ನೂ ಜಾಗದಲ್ಲಿಟ್ಟು, ಬೋಲ್ಟನ್ನು ಕೈಯಲ್ಲೇ ತಿರುಗಿಸುತ್ತಾ ಸುತ್ತು ಎಣಿಸಿ. ಸಾಮಾನ್ಯ 8 ಮಿ.ಮೀ. ಬೋಲ್ಟಿನ ಒಂದು ಸುತ್ತು ಎಂದರೆ 1.25 ಮಿ.ಮೀ. ಹತ್ತು ಸುತ್ತು ಕೈಯಲ್ಲೇ ಹೋದರೆ ಸುಮಾರು 12 ಮಿ.ಮೀ. ಹಿಡಿದಿದೆ ಎಂದು ಲೆಕ್ಕ. ನನಗೆ ಈ ಎಣಿಕೆ ತುಂಬ ಇಷ್ಟ, ಯಾವ ಸಲಕರಣೆಯೂ ಬೇಡ.

ಬಿಗಿ ಎಷ್ಟಿರಬೇಕು ಎನ್ನುವುದು ಬೈಕಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. 8 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಆಸುಪಾಸು. ಬಿಗಿ ಎಷ್ಟಾಯಿತೆಂದು ಅಳೆದು ತೋರಿಸುವ ಟಾರ್ಕ್ ರೆಂಚ್ ಇರುವ ಗ್ಯಾರೇಜನ್ನೇ ಹುಡುಕಿ. ಕೈಯಂದಾಜಿನಲ್ಲಿ ಬಿಗಿದು ಅಲ್ಯೂಮಿನಿಯಂ ಥ್ರೆಡ್ ಕಿತ್ತುಹೋದರೆ ಆಮೇಲೆ ಲೇತಿನ ಕೆಲಸ. ಮೇಲಿನ ಮುಚ್ಚಳದಲ್ಲಿ ನಾಲ್ಕು ಬೋಲ್ಟುಗಳಿರುತ್ತವೆ. ಕೆಲವು ಬೈಕುಗಳಲ್ಲಿ ಮುಂದಿನ ಎರಡನ್ನು ಮೊದಲು ಪೂರ್ತಿ ಬಿಗಿದು, ಹಿಂದೆ ಸಣ್ಣ ಸಂದು ಉಳಿಯುವ ಹಾಗೆ ಮಾಡಬೇಕು. ಕೆಲವಲ್ಲಿ ಎರಡೂ ಕಡೆ ಸಮನಾಗಿ. ಸಂದು ಕಂಡಿತೆಂದು ಅದನ್ನು ಮುಚ್ಚಲು ಹೋಗಿ ಮುಚ್ಚಳ ಒಡೆದವರಿದ್ದಾರೆ. ಇಲ್ಲೂ ಪುಸ್ತಕವೇ ದಾರಿ.

ಹ್ಯಾಂಡಲಿನ ಹಿಡಿಕೆ ರಬ್ಬರ್ ಬುಷ್ ಮೇಲೆ ಕೂತಿರುವ ಬೈಕುಗಳಿವೆ. ನಡುಕ ಕಡಿಮೆ ಮಾಡಲು ಕಂಪನಿಯವರು ಹಾಗೆ ಇಟ್ಟಿರುತ್ತಾರೆ. ಅಡಿಕೆ ಕೊಯ್ಯುವ ದೋಟಿ ಹಿಡಿದವರಿಗೆ ಗೊತ್ತು, ದೋಟಿ ಉದ್ದವಾದಷ್ಟೂ ಬುಡದ ಸಣ್ಣ ಅಲುಗಾಟ ತುದಿಯಲ್ಲಿ ದೊಡ್ಡದಾಗುತ್ತದೆ. ಇಲ್ಲಿಯೂ ಹಾಗೆಯೇ. ರೈಸರ್ ಎತ್ತರವಾದಷ್ಟೂ ರಬ್ಬರಿನ ಅಲುಗಾಟ ಕೈಗೆ ಜಾಸ್ತಿ ಗೊತ್ತಾಗುತ್ತದೆ. ಬುಷ್ ಹಳತಾಗಿದ್ದರೆ ರೈಸರ್ ಹಾಕುವಾಗಲೇ ಬದಲಿಸಿ.

ಕಾನೂನು ಏನು ಹೇಳುತ್ತದೆ

ಬೈಕಿನ ನಂಬರು ಕೆಎಲ್ 14 ಇರಲಿ, ಕೆಎಲ್ 60 ಇರಲಿ, ಕೇರಳದ ರಸ್ತೆಯಲ್ಲಿ ಬದಲಾಯಿಸಿದ ಬೈಕುಗಳ ಮೇಲೆ ತಪಾಸಣೆಯವರ ಕಣ್ಣಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದೆ ಹೋಗುವಂತೆ ವಾಹನವನ್ನು ಬದಲಾಯಿಸಬಾರದು. ಇದನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ಪ್ರಕರಣ ಕೇರಳದಿಂದಲೇ ಹೋಗಿತ್ತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಯಿತು.

ನನ್ನ ಅಭಿಪ್ರಾಯ ಇಷ್ಟು. ನಿಮ್ಮ ಬೈಕಿನ ಕಂಪನಿಯೇ ರೈಸರ್ ಮಾರುತ್ತಿದ್ದರೆ ಅದನ್ನೇ ಷೋರೂಮಿನಲ್ಲಿ ಹಾಕಿಸಿ, ಬಿಲ್ ಇಟ್ಟುಕೊಳ್ಳಿ. ಹೊರಗಿನದ್ದಾದರೆ ಮೊದಲು ಆರ್‌ಟಿ ಕಚೇರಿಯಲ್ಲಿ ವಿಚಾರಿಸಿ. ವಿಮೆಯವರಿಗೂ ಲಿಖಿತವಾಗಿ ತಿಳಿಸಿ. ತೆಗೆದ ಹಳೆಯ ಬೋಲ್ಟು, ಹಿಡಿಕೆ ಎಸೆಯಬೇಡಿ.

ಹಾಕಿದ ಮೇಲೆ

ಒಂದೇ ರೈಸರ್ ಎರಡು ರಸ್ತೆಗಳಲ್ಲಿ ಎರಡು ಥರ ಅನಿಸುತ್ತದೆ. ಅಗಲವಾದ ಹೆದ್ದಾರಿಯಲ್ಲಿ ವೇಗ ತಾನಾಗಿ ಏರುತ್ತದೆ. ಗಾಳಿಯ ಒತ್ತಡ ವೇಗದ ವರ್ಗದಂತೆ ಹೆಚ್ಚುತ್ತದೆ. 60ರಿಂದ 90ಕ್ಕೆ ಏರಿದರೆ ಎದೆಗೆ ಹೊಡೆಯುವ ಗಾಳಿ ಎರಡೂಕಾಲು ಪಟ್ಟು. ನೆಟ್ಟಗೆ ಕೂತವರನ್ನು ಅದು ಹಿಂದಕ್ಕೆ ತಳ್ಳುತ್ತದೆ, ಕೈ ಹ್ಯಾಂಡಲಿಗೆ ಜೋತುಬೀಳುತ್ತದೆ. ಸ್ವಲ್ಪ ಬಾಗಿ ಕೂತವರಿಗೆ ಅದೇ ಗಾಳಿ ಎದೆಯನ್ನು ತಾಂಗಿ ಅಂಗೈಯ ಭಾರ ಇಳಿಸುತ್ತದೆ. ಮುಳ್ಳೇರಿಯ, ಜಾಲ್ಸೂರು ಕಡೆಯ ತಿರುವು ರಸ್ತೆಯಲ್ಲಿ 40, 50ರಲ್ಲಿ ಹೋಗುವಾಗ ಗಾಳಿಯ ಈ ಸಹಾಯ ಸಿಗುವುದಿಲ್ಲ. ರೈಸರ್ ನಿಜವಾಗಿ ಕೆಲಸಕ್ಕೆ ಬರುವುದು ಅಲ್ಲಿ. ದಿನಾ ಹೆದ್ದಾರಿಯಲ್ಲೇ ಮಂಗಳೂರಿಗೆ ಹೋಗಿ ಬರುವವರಿಗೆ ಚಿಕ್ಕ ರೈಸರ್ ಸಾಕು, ಅಥವಾ ಬೇಡವೇ ಬೇಡ.

ಮುಂದಿನ ಚಕ್ರದ ಮೇಲಿನ ಭಾರವೂ ಸ್ವಲ್ಪ ಕಡಿಮೆಯಾಗುತ್ತದೆ. 25, 30 ಮಿ.ಮೀ.ಗೆ ಅದು ಗೊತ್ತಾಗುವಷ್ಟಿಲ್ಲ. ಆದರೆ ಹಿಂದೆ ದೊಡ್ಡ ಬ್ಯಾಗು ಕಟ್ಟಿ, ಮೇಲೆ ಎತ್ತರದ ರೈಸರೂ ಇದ್ದರೆ ವೇಗದಲ್ಲಿ ಹ್ಯಾಂಡಲ್ ನಡುಗುವುದುಂಟು. ಹಾಗೆ ಆದರೆ ಸಾಮಾನು ಮುಂದಕ್ಕೆ ಸರಿಸಿ ಕಟ್ಟಿ. ಟಯರಿನ ಗಾಳಿಯನ್ನೂ ಒಮ್ಮೆ ನೋಡಿ.

ಹಾಕಿದ ದಿನವೇ ಮೈಸೂರಿಗೆ ಹೊರಡಬೇಡಿ. ಊರಲ್ಲೇ ನಾಲ್ಕೈದು ದಿನ ಓಡಿಸಿ. ಬೋಲ್ಟಿನ ತಲೆಯಿಂದ ರೈಸರ್ ಮೇಲೆ ಬರುವ ಹಾಗೆ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಉಗುರಿಗೆ ಹಚ್ಚುವ ಬಣ್ಣ ಸಾಕು. ಬೋಲ್ಟ್ ಸಡಿಲಾದರೆ ಗೆರೆ ತುಂಡಾಗಿ ಕಾಣುತ್ತದೆ. ಮೊದಲ ನೂರು ಕಿ.ಮೀ. ಆದ ಮೇಲೆ ಟಾರ್ಕ್ ರೆಂಚಿನಲ್ಲಿ ಒಮ್ಮೆ ನೋಡಿ, ಐನೂರಕ್ಕೆ ಇನ್ನೊಮ್ಮೆ. ಎತ್ತರ ಬದಲಾದ್ದರಿಂದ ಕನ್ನಡಿಯ ಕೋನ, ಲಿವರಿನ ಕೋನ ಎರಡನ್ನೂ ಮತ್ತೆ ಸರಿಮಾಡಬೇಕಾಗುತ್ತದೆ.

ಸಮುದ್ರದ ಹತ್ತಿರ, ಕುಂಬಳೆ, ಉಪ್ಪಳ, ಬೇಕಲದ ಕಡೆ ಇರುವವರಿಗೆ ಇನ್ನೊಂದು ಮಾತು. ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ರೈಸರೂ ಉಕ್ಕಿನ ಬೋಲ್ಟೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬೋಲ್ಟಿನ ಸುತ್ತ ಬಿಳಿ ಪುಡಿ ಕಟ್ಟುತ್ತದೆ. ಹಾಗೇ ಬಿಟ್ಟರೆ ಎರಡು ವರ್ಷದ ಮೇಲೆ ಬಿಚ್ಚಲು ಹೋದಾಗ ಬೋಲ್ಟಿನ ತಲೆ ಮುರಿದು ಕೈಗೆ ಬರಬಹುದು. ಮಳೆಗಾಲ ಮುಗಿದ ಮೇಲೆ, ತುಲಾ ತಿಂಗಳಲ್ಲಿ ಬಿಸಿಲು ಬಿದ್ದ ಒಂದು ದಿನ, ಬೋಲ್ಟುಗಳನ್ನು ಒಂದೊಂದಾಗಿ ತೆಗೆದು ಒರೆಸಿ, ಥ್ರೆಡ್ಡಿಗೆ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟನ್ನು ತೆಳ್ಳಗೆ ಸವರಿ ಮತ್ತೆ ಹಾಕಿ. ಪೇಸ್ಟ್ ಹಚ್ಚಿದ ಬೋಲ್ಟ್ ಅದೇ ಟಾರ್ಕಿನಲ್ಲಿ ಜಾಸ್ತಿ ಬಿಗಿಯುತ್ತದೆ. ಹಾಗಾಗಿ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಕೆಳಗೇ ನಿಲ್ಲಿಸಿ. ಹಾಕಿದ ಮೇಲೆ ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಗ್ರಿಪ್ ಮುಟ್ಟದೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಳ್ಳಿ, ಸದ್ದು ಏರುತ್ತದೆಯಾ ಕೇಳಿ.